ಹಳ್ಳದ ಮೀನಿಗೂ ಒಂದು ರಜೆ ಬೇಕು

ಕೊಳೆರೋಗ, ಕಾಂಡಕೊರಕ, ಧಾರಣೆ, ಸಾಲದ ಕಂತು ಇವುಗಳನ್ನೇ ಈ ಪತ್ರಿಕೆಯಲ್ಲಿ ಓದಿ ಅಭ್ಯಾಸವಾಗಿರುವ ಸದಸ್ಯ ಬಂಧುಗಳಿಗೆ, ಸಂಘದ ಕಾರ್ಯದರ್ಶಿಯಾದವನು ಮೀನು ಹಿಡಿಯುವ ವಿಚಾರ ಎತ್ತಿಕೊಂಡದ್ದು ವಿಚಿತ್ರವಾಗಿ ಕಾಣಬಹುದು. ಆದರೆ ನಮ್ಮಲ್ಲಿ ಹಳ್ಳವಿಲ್ಲದ ತೋಟ ಯಾವುದಿದೆ? ಗಡಿ ಹಾಕಿಕೊಟ್ಟದ್ದು ಹಳ್ಳ, ಬೇಸಿಗೆಯಲ್ಲಿ ಅಡಿಕೆಗೆ ನೀರು ಕೊಟ್ಟದ್ದು ಹಳ್ಳ, ಕಾಫಿ ಹೂವಿಗೆ ಸ್ಪ್ರಿಂಕ್ಲರ್ ತಿರುಗಿಸಿದ್ದೂ ಅದೇ ಹಳ್ಳ. ಆ ಹಳ್ಳ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಅದರಲ್ಲಿ ಮೀನಿದೆಯೇ ಎಂದು ನೋಡುವುದಕ್ಕಿಂತ ಸುಲಭವಾದ ಪರೀಕ್ಷೆ ನನಗೆ ತಿಳಿದಂತೆ ಬೇರೊಂದಿಲ್ಲ.

ಈಗ ಸ್ವಾತಿ ಕಳೆದು ವಿಶಾಖ ನಡೆಯುತ್ತಿದೆ. ಮಳೆ ಹಿಂದೆ ಸರಿದು ಹಳ್ಳದ ಕೆಂಪು ಇಳಿದು ತಳದ ಕಲ್ಲು ಕಾಣುವ ಕಾಲ. ಗಾಳ ಹಿಡಿದು ಹಳ್ಳದ ದಂಡೆಯಲ್ಲಿ ಕೂರಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಆದರೂ ನಮ್ಮಲ್ಲಿ ಹೆಚ್ಚಿನವರು ಮೀನು ಹಿಡಿಯುವುದು ಈಗಲ್ಲ, ಮುಂಗಾರಿನ ಮೊದಲ ಮಳೆಗೆ. ಈ ಪದ್ಧತಿ ತಲೆಕೆಳಗಾಗಿದೆ, ಇದನ್ನು ಬದಲಿಸಬೇಕು ಎಂಬುದೇ ಈ ಲೇಖನದ ಉದ್ದೇಶ. ಇದನ್ನು ವಿವರಿಸಲು ಮೊದಲು ತಣ್ಣೀರಿನ ದೇಶಗಳ ಟ್ರೌಟ್ ಮೀನಿನ ಕತೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ. ಏಕೆಂದರೆ ಯಾವ ಕಾಲದಲ್ಲಿ ಹಿಡಿಯಬೇಕು, ಯಾವ ಕಾಲದಲ್ಲಿ ಬಿಡಬೇಕು ಎಂಬ ಪ್ರಶ್ನೆಯನ್ನು ಅಲ್ಲಿಯವರು ಬಹಳ ಹಿಂದೆಯೇ ಎತ್ತಿ, ತಕ್ಕಮಟ್ಟಿಗೆ ಉತ್ತರವನ್ನೂ ಕಂಡುಕೊಂಡಿದ್ದಾರೆ.

ಟ್ರೌಟ್ ಯೂರೋಪು, ಅಮೆರಿಕಗಳ ಕಾಡುಹಳ್ಳಗಳ ಮೀನು. ನೀರು ತಣ್ಣಗಿರಬೇಕು, ಹರಿಯುತ್ತಿರಬೇಕು, ತಿಳಿಯಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದು ಬದುಕದು. ಹಕ್ಕಿಯ ಗರಿಯನ್ನು ಹುಳುವಿನಂತೆ ಕಟ್ಟಿದ ಗಾಳದಿಂದ ಅದನ್ನು ಹಿಡಿಯುವುದು ಅಲ್ಲಿ ಒಂದು ವಿದ್ಯೆಯೇ ಆಗಿ ಬೆಳೆದಿದೆ. ಬ್ರಿಟಿಷರು ತಾವು ಹೋದಲ್ಲೆಲ್ಲ ಈ ಮೀನನ್ನೂ ಕೊಂಡೊಯ್ದರು. 1899ರಲ್ಲಿ ಕಾಶ್ಮೀರಕ್ಕೆ ಕಳುಹಿಸಿದ ಮೊದಲ ಕಂತಿನ ಮೊಟ್ಟೆಗಳು ದಾರಿಯಲ್ಲೇ ಹಾಳಾದವು. ಮರುವರ್ಷ ಬಂದವು ಉಳಿದುಕೊಂಡವು. 1909ರ ಸುಮಾರಿಗೆ ಕುಲ್ಲು ಕಣಿವೆಯ ಹೊಳೆಗಳಿಗೂ ಬಿಟ್ಟರು. ನಮ್ಮ ಪಕ್ಕದ ನೀಲಗಿರಿಯಲ್ಲಿ ಹಲವು ಸಲ ಯತ್ನಿಸಿ ಸೋತ ಮೇಲೆ 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ತೆರೆದರು. ಮುನ್ನಾರಿನ ಎತ್ತರದ ಹಳ್ಳಗಳಲ್ಲಿ ಟ್ರೌಟ್ ಬೆಳೆಸಿದವರು ಅಲ್ಲಿಯ ಚಹಾ ತೋಟಗಾರರೇ. ಆದುದರಿಂದ ತೋಟಗಾರಿಕೆಗೂ ಈ ಮೀನಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ.

ಆ ದೇಶಗಳಲ್ಲಿ ಶರತ್ಕಾಲದ ಕೊನೆ ಎಂದರೆ ಕಾಡಿನ ಎಲೆಗಳೆಲ್ಲ ಹಳದಿ ಕೆಂಪಾಗಿ ಉದುರುವ ಕಾಲ. ಹಳ್ಳದ ನೀರು ತಗ್ಗಿ ಕನ್ನಡಿಯಂತಾಗಿರುತ್ತದೆ. ಬೇಸಿಗೆಯ ಜನಜಂಗುಳಿ ಇರುವುದಿಲ್ಲ. ಮೀನಿಗೆ ಮನುಷ್ಯನ ನೆರಳು ದೂರದಿಂದಲೇ ಕಾಣುವುದರಿಂದ ಹಿಡಿಯುವವನು ಪೊದೆಯ ಹಿಂದೆ ಬಗ್ಗಿ, ಮಂಡಿಯೂರಿ ಹೋಗಬೇಕು. ತೇಲುವ ಎಲೆ ಗಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಇಷ್ಟು ಕಷ್ಟವಿರುವುದರಿಂದಲೇ ಬಲ್ಲವರಿಗೆ ಆ ಕಾಲ ಬಹಳ ಪ್ರಿಯ. ಮೀನೂ ಆಗ ಅತ್ಯಂತ ಸುಂದರವಾಗಿರುತ್ತದೆ. ಗಂಡಿನ ಹೊಟ್ಟೆ ಬಂಗಾರದ ಬಣ್ಣಕ್ಕೆ ತಿರುಗಿ, ಮೈಮೇಲಿನ ಕೆಂಪು ಚುಕ್ಕೆಗಳು ಎದ್ದು ಕಾಣುತ್ತವೆ.

ಆದರೆ ಆ ಬಣ್ಣ ಬಂದಿರುವುದು ಗಾಳದವನಿಗಾಗಿ ಅಲ್ಲ. ಕಂದು ಟ್ರೌಟ್ ಸಂತಾನ ಮಾಡುವುದು ಆ ಕಾಲದಲ್ಲೇ. ಅಕ್ಟೋಬರಿನಿಂದ ಡಿಸೆಂಬರಿನ ನಡುವೆ ದೊಡ್ಡ ಹೊಳೆಯ ಮೀನುಗಳು ಸಣ್ಣ ಸಣ್ಣ ಕಾಡುಹಳ್ಳಗಳಿಗೆ ಹತ್ತುತ್ತವೆ. ಹೆಣ್ಣು ಮೀನು ಮಗ್ಗುಲಾಗಿ ಬಾಲ ಬಡಿದು ನೊರಜುಗಲ್ಲಿನಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮೇಲಿನಿಂದ ಮತ್ತೆ ಕಲ್ಲು ಮುಚ್ಚುತ್ತದೆ. ನೀರಿನ ಉಷ್ಣತೆ 10 ಡಿಗ್ರಿ ಇದ್ದರೆ ಮೊಟ್ಟೆ ಒಡೆಯಲು ಸುಮಾರು 40 ದಿನ, 5 ಡಿಗ್ರಿ ಇದ್ದರೆ 80 ದಿನ ಬೇಕು. ಒಡೆದ ಮೇಲೂ ಮರಿ ಕೆಲವು ವಾರ ಕಲ್ಲಿನ ಸಂದಿಯಲ್ಲೇ ಉಳಿಯುತ್ತದೆ. ಅಷ್ಟು ಕಾಲವೂ ಆ ಕಲ್ಲುಗಳ ಮೂಲಕ ಗಾಳಿಯಾಡುವ ನೀರು ಹರಿಯುತ್ತಿರಬೇಕು. ಮೇಲೆ ಕೆಸರು ಕುಳಿತರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ.

ಇದನ್ನು ತಿಳಿದೇ ಅಲ್ಲಿ ಕಾನೂನು ಮಾಡಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಅಕ್ಟೋಬರ್ 7ರಿಂದ ಮಾರ್ಚ್ 14ರವರೆಗೆ ಕಂದು ಟ್ರೌಟಿಗೆ ಗಾಳ ಹಾಕುವಂತಿಲ್ಲ. ನಮ್ಮ ಹಿಮಾಚಲ ಪ್ರದೇಶದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹೊಳೆಗಳು ಬಂದ್. ಅಮೆರಿಕದ ಕೆಲವು ರಾಜ್ಯಗಳಲ್ಲಿ ಶರತ್ಕಾಲದಲ್ಲೂ ಹಿಡಿಯಲು ಅನುಮತಿಯಿದೆ. ಅಲ್ಲಿ ಕೂಡ ಜವಾಬ್ದಾರಿಯುಳ್ಳವರು ಜೋಡಿಯಾಗಿ ನಿಂತ ಮೀನಿನ ಮುಂದೆ ಗಾಳ ಎಸೆಯುವುದಿಲ್ಲ. ತಳದಲ್ಲಿ ಉಳಿದ ಕಲ್ಲುಗಳಿಗಿಂತ ಬೆಳ್ಳಗೆ, ತೊಳೆದಿಟ್ಟಂತೆ ಕಾಣುವ ಜಾಗವೆಂದರೆ ಅದು ಮೊಟ್ಟೆಯ ಗುಂಡಿ ಎಂದರಿತು ಅದರ ಮೇಲೆ ಕಾಲಿಡುವುದಿಲ್ಲ. ಕಾಲಿಟ್ಟರೆ ಏನಾದೀತು ಎಂದು ಕೇಳುವವರಿಗೆ 1992ರಲ್ಲಿ ಪ್ರಕಟವಾದ ಮೊಂಟಾನಾ ರಾಜ್ಯದ ಒಂದು ಪ್ರಯೋಗ ಉತ್ತರ ಕೊಟ್ಟಿದೆ. ಮೊಟ್ಟೆ ಒಡೆಯುವ ಮುನ್ನ ಒಂದೇ ಒಂದು ಸಲ ತುಳಿದರೂ ನೂರಕ್ಕೆ 43ರವರೆಗೆ ನಾಶ. ದಿನಕ್ಕೆ ಎರಡು ಸಲದಂತೆ ತುಳಿಯುತ್ತ ಹೋದರೆ ನೂರಕ್ಕೆ 96ರವರೆಗೆ ನಾಶ. ಅಂದರೆ ಗಾಳಕ್ಕೆ ಒಂದು ಮೀನೂ ಸಿಗದ ದಿನ ಕೂಡ ಮನುಷ್ಯ ಬರಿಗಾಲಿನಿಂದಲೇ ಮುಂದಿನ ವರ್ಷದ ಮೀನನ್ನು ಮುಗಿಸಿ ಬರಬಹುದು.

ಹೀಗೆ ಅಲ್ಲಿಯವರು ತಮಗೆ ಅತ್ಯಂತ ಇಷ್ಟವಾದ ಕಾಲವನ್ನೇ ಮೀನಿಗೆ ಬಿಟ್ಟುಕೊಟ್ಟಿದ್ದಾರೆ. ಇನ್ನು ನಮ್ಮ ಹಳ್ಳಕ್ಕೆ ಬರೋಣ.

ನಮ್ಮ ಸೊಸಲು, ಪಕ್ಕೆ, ಮುರುಗೋಡು, ಕೊರವ ಮುಂತಾದ ಮೀನುಗಳ ಸಂತಾನದ ಕಾಲ ಮುಂಗಾರು. ಊರಿನಿಂದ ಊರಿಗೆ ಹೆಸರು ಬೇರೆಯಾದರೂ ಮೀನಿನ ನಡತೆ ಒಂದೇ. ರೋಹಿಣಿ ಕಳೆದು ಮೃಗಶಿರೆಯಲ್ಲಿ ಹಳ್ಳ ಕೆಂಪಾಗಿ ಬಂತೆಂದರೆ ಹೊಳೆಯ ಮೀನು ಹಳ್ಳಕ್ಕೆ, ಹಳ್ಳದ ಮೀನು ತೋಡಿಗೆ, ತೋಡಿನ ಮೀನು ಗದ್ದೆಗೆ ಹತ್ತುತ್ತದೆ. ಇದನ್ನೇ ನಾವು ಹತ್ತುಮೀನು ಎನ್ನುವುದು. ಹೊಟ್ಟೆ ತುಂಬ ತತ್ತಿ ಹೊತ್ತು, ನೀರಿಗೆ ಎದುರಾಗಿ, ಬೇರೇನನ್ನೂ ಗಮನಿಸದೆ ಬರುವ ಮೀನದು. ಲಾಟೀನು, ಕತ್ತಿ, ಬಿದಿರಿನ ಕೂಣಿ ಹಿಡಿದು ಊರಿಗೆ ಊರೇ ಹೊರಡುವುದೂ ಆ ರಾತ್ರಿಯೇ. ಮರುದಿನ ಪ್ರತಿ ಮನೆಯಲ್ಲೂ ತತ್ತಿಯ ಪಲ್ಯ. ಹಳ್ಳದ ಮುಂದಿನ ವರ್ಷದ ಫಸಲನ್ನು ಒಂದೇ ಹೊತ್ತಿಗೆ ಉಂಡಂತೆ. ಹೂ ಬಿಟ್ಟ ಕಾಫಿ ಗಿಡವನ್ನು ಕಸಿ ಮಾಡುವ ರೈತ ನಮ್ಮಲ್ಲಿ ಯಾರಿದ್ದಾನೆ?

ಇದು ಅಜ್ಜನ ಕಾಲದಿಂದ ನಡೆದು ಬಂದದ್ದು, ಆಗ ಮೀನು ಕಡಿಮೆಯಾಗಲಿಲ್ಲ, ಈಗೇಕೆ ಈ ಮಾತು ಎಂದು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಜ್ಜನ ಕಾಲದಲ್ಲಿ ಕೂಣಿ ಇತ್ತು, ಹಳ್ಳದ ಅಡ್ಡಗಲಕ್ಕೆ ಕಟ್ಟುವ ನೈಲಾನ್ ಬಲೆ ಇರಲಿಲ್ಲ. ಕೂಣಿಯ ಪಕ್ಕದಿಂದ ಎಷ್ಟೋ ಮೀನು ತಪ್ಪಿಸಿಕೊಂಡು ಮೇಲೆ ಹೋಗುತ್ತಿತ್ತು. ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಅದರ ಅಮಲು ಒಂದು ಮಡುವಿಗೆ ಸೀಮಿತವಾಗಿತ್ತು. ಈಗ ಬ್ಲೀಚಿಂಗ್ ಪೌಡರ್, ಕೀಟನಾಶಕ, ಮೈಲುತುತ್ತ ಸುರಿಯುವವರಿದ್ದಾರೆ, ತೋಟೆ ಸಿಡಿಸುವವರಿದ್ದಾರೆ, ಬ್ಯಾಟರಿಯಿಂದಲೋ ಲೈನಿನ ತಂತಿಯಿಂದಲೋ ನೀರಿಗೆ ಕರೆಂಟ್ ಬಿಟ್ಟು ಮೀನಿನ ಜೊತೆ ತಮ್ಮ ಪ್ರಾಣವನ್ನೂ ಪಣಕ್ಕಿಡುವವರಿದ್ದಾರೆ. ಸ್ಫೋಟಕ ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿದ ಕಾಯಿದೆ 1897ರಲ್ಲೇ ಬಂದಿತ್ತು. ಹೊಳೆಗೆ ಹಾಕಿದ ವಿಷ ಏನು ಮಾಡುತ್ತದೆ ಎಂಬುದಕ್ಕೆ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ದೇವರ ಮೀನುಗಳ ಕತೆಯೇ ಸಾಕ್ಷಿ. 1996ರಲ್ಲಿ ಅಲ್ಲಿ ದುಷ್ಕರ್ಮಿಗಳು ಹಾಕಿದ ವಿಷಕ್ಕೆ ಸತ್ತ ಮೀನುಗಳಿಗಾಗಿ ಊರವರು ಸ್ಮಾರಕವನ್ನೇ ನಿಲ್ಲಿಸಿದ್ದಾರೆ.

ಇನ್ನೊಂದು ವ್ಯತ್ಯಾಸವೂ ಇದೆ, ಅದು ನಮಗೆ ಹೆಚ್ಚು ಹತ್ತಿರದ್ದು. ಅಜ್ಜನ ಕಾಲದಲ್ಲಿ ಹತ್ತಿದ ಮೀನಿಗೆ ತಲುಪಲು ಗದ್ದೆಯಿತ್ತು. ಆ ಗದ್ದೆಗಳಲ್ಲಿ ಬಹುಪಾಲು ಈಗ ಅಡಿಕೆ ತೋಟ. ಬತ್ತ ಕಟ್ಟುಬಡಿಯದು ಎಂದು ನಾವೇ ಮಾಡಿಕೊಂಡ ಬದಲಾವಣೆ ಅದು. ಅದನ್ನು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಗದ್ದೆಯ ಆಳವಿಲ್ಲದ ನಿಂತ ನೀರಿನಲ್ಲಿ ಮರಿಯಾಗುತ್ತಿದ್ದ ಮೀನಿಗೆ ಅಡಿಕೆ ತೋಟದ ಬಸಿಗಾಲುವೆ ಬದಲಿಯಾಗಲಾರದು. ಮೇಲಾಗಿ ರಸ್ತೆಗೆ ಮೋರಿ ಹಾಕುವಾಗ ಪೈಪಿನ ಬಾಯನ್ನು ಹಳ್ಳದ ತಳಕ್ಕಿಂತ ಎರಡಡಿ ಮೇಲೆ ಇಟ್ಟುಬಿಡುತ್ತೇವೆ. ನೀರೇನೋ ಧುಮುಕಿ ಹೋಗುತ್ತದೆ, ಸೊಸಲು ಮೀನು ಹತ್ತಲಾರದು. ಅದು ಮೋರಿಯ ಕೆಳಗೆ ರಾಶಿಯಾಗಿ ನಿಲ್ಲುತ್ತದೆ. ಬಲೆಯವನಿಗೆ ಅಲ್ಲೇ ಸುಗ್ಗಿ.

ಮೂರನೆಯದು ಮೈಲುತುತ್ತ. ಅಡಿಕೆಗೆ ಕೊಳೆರೋಗದ ಮೊದಲ ಸಿಂಪರಣೆ ಮುಂಗಾರಿನ ಹೊಸ್ತಿಲಲ್ಲಿ, ಎರಡನೆಯದು 40-45 ದಿನ ಬಿಟ್ಟು. ಮೀನು ಹತ್ತುವುದು ಸರಿಯಾಗಿ ಇವೆರಡರ ನಡುವೆ. ತಾಮ್ರ ಮೀನಿಗೆ ಕಡುವಿಷ. ಸುಣ್ಣದ ಅಂಶ ಕಡಿಮೆಯಿರುವ ನಮ್ಮ ಮಲೆನಾಡಿನ ಮೆದು ನೀರಿನಲ್ಲಂತೂ ಅದರ ಹಾವಳಿ ಇನ್ನೂ ಹೆಚ್ಚು. ಬೋರ್ಡೋ ಮಿಶ್ರಣ ಬೇಡವೆನ್ನಲು ಸಾಧ್ಯವಿಲ್ಲ, ಅದಿಲ್ಲದಿದ್ದರೆ ಕೊನೆ ಉಳಿಯದು. ಆದರೆ ಡ್ರಮ್ಮು, ಪಂಪು, ಪೈಪುಗಳನ್ನು ಹಳ್ಳದಲ್ಲಿಳಿಸಿ ತೊಳೆಯಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ಹಳ್ಳದಿಂದ ದೂರ ಒಂದು ಗುಂಡಿ ತೋಡಿ ಅಲ್ಲಿ ತೊಳೆದರೆ ಒಂದು ಕೊಡ ನೀರು ಹೊರುವ ಶ್ರಮವಷ್ಟೆ ಹೆಚ್ಚು.

ಟ್ರೌಟಿಗೂ ನಮ್ಮ ಮೀನಿಗೂ ಇರುವ ಒಂದು ಮುಖ್ಯ ವ್ಯತ್ಯಾಸ ಇಲ್ಲಿ ನಮಗೆ ಅನುಕೂಲವಾಗಿದೆ. ಟ್ರೌಟಿನ ಮೊಟ್ಟೆಗೆ ತಿಂಗಳುಗಟ್ಟಲೆ ಕಾಯಬೇಕು. ನಮ್ಮ ನೀರು ಬೆಚ್ಚಗಿರುವುದರಿಂದ ಮುರುಗೋಡಿನ ಮೊಟ್ಟೆ ಹೆಚ್ಚುಕಡಿಮೆ ಒಂದು ದಿನದಲ್ಲೇ ಒಡೆಯುತ್ತದೆ. ಮಿಕ್ಕವೂ ಕೆಲವು ದಿನಗಳಲ್ಲಿ ಮುಗಿಯುತ್ತವೆ. ಆದುದರಿಂದ ಸ್ಕಾಟ್ಲೆಂಡಿನವರು ಐದು ತಿಂಗಳು ಗಾಳ ಮಡಚಿಟ್ಟರೆ, ನಾವು ಮಡಚಿಡಬೇಕಾದದ್ದು ಐದು ವಾರ ಮಾತ್ರ. ಮೃಗಶಿರೆಯ ಹಿಂದುಮುಂದಿನಿಂದ ಆರಿದ್ರೆ ಮುಗಿಯುವವರೆಗೆ, ಅಂದರೆ ಜೂನ್ ಆರಂಭದಿಂದ ಜುಲೈ ಮೊದಲ ವಾರದವರೆಗೆ. ಇದೇನು ಕೇಳಿಲ್ಲದ ಮಾತಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮೀನನ್ನೇ ನಂಬಿ ಬದುಕುವ ಮೊಗವೀರರು ಎರಡು ತಿಂಗಳು ಬಿಡಬಲ್ಲರಾದರೆ, ಕಾಫಿ ಅಡಿಕೆ ನಂಬಿ ಬದುಕುವ ನಾವು ಐದು ವಾರ ಬಿಡಲಾರೆವೇ? ಕೇರಳದಲ್ಲಿ ಹತ್ತುಮೀನಿಗೆ ಊತ್ತ ಎನ್ನುತ್ತಾರೆ. ಅದನ್ನು ಹಿಡಿಯುವುದನ್ನು ಅಲ್ಲಿ 2010ರ ಒಳನಾಡು ಮೀನುಗಾರಿಕೆ ಕಾಯಿದೆಯಡಿ ನಿಷೇಧಿಸಿದ್ದಾರೆ.

ಇಷ್ಟು ಬಿಟ್ಟರೆ ಪ್ರತಿಫಲವೇನು? ಈಗಿನ ಈ ಕಾರ್ತಿಕದ ಹಳ್ಳವೇ ಪ್ರತಿಫಲ. ಜೂನಿನಲ್ಲಿ ಹುಟ್ಟಿದ ಮರಿ ಈ ಹೊತ್ತಿಗೆ ಬೆರಳುದ್ದ ಬೆಳೆದಿರುತ್ತದೆ. ತತ್ತಿ ಹಾಕಿ ಬಡವಾಗಿದ್ದ ದೊಡ್ಡ ಮೀನು ಮಳೆಗಾಲವೆಲ್ಲ ತಿಂದು ಮೈತುಂಬಿಕೊಂಡಿರುತ್ತದೆ. ನೀರು ತಿಳಿಯಾಗಿದ್ದರೂ ಬತ್ತಿರುವುದಿಲ್ಲ. ಎರೆಹುಳು ಸಿಕ್ಕಿಸಿದ ಒಂದು ಗಾಳ, ಒಂದು ಬಿದಿರ ಕೋಲು, ಅರ್ಧ ದಿನದ ಬಿಡುವು ಇದ್ದರೆ ಮನೆಮಂದಿಗೆ ಸಾಕಾಗುವಷ್ಟು ಮೀನು. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಬಿರುಸಾಗುವ ಮುನ್ನ ಸಿಗುವ ಬಿಡುವು ಇದೊಂದೇ. ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಎಲ್ಲಿ ಮಡು, ಎಲ್ಲಿ ಬೇರು, ಯಾವ ಕಲ್ಲಿನ ಕೆಳಗೆ ಹಾವುಮೀನು ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ತೋಟ ನೋಡಿಕೊಳ್ಳುವ ಮಗನೋ ಮಗಳೋ ಬೇಕೆನ್ನುವವರು ಅವರಿಗೆ ಮೊದಲು ಹಳ್ಳದ ರುಚಿ ಹತ್ತಿಸಬೇಕು.

ಈ ಮಾತಿಗೆ ಸೇರಿಸಬೇಕಾದ ಎಚ್ಚರಿಕೆಯೊಂದಿದೆ. ಈ ತಿಂಗಳ ಕೊನೆಯಿಂದ ಅರೇಬಿಕಾ ಪಲ್ಪಿಂಗ್ ಶುರು, ಅದರ ಹಿಂದೆಯೇ ರೊಬಸ್ಟಾ. ಹಣ್ಣಿನ ಲೋಳೆಯಲ್ಲಿರುವ ಸಕ್ಕರೆ ಹಳ್ಳ ಸೇರಿ ಹುಳಿತರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. 10 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 24-25 ಡಿಗ್ರಿಯ ನೀರಿನಲ್ಲಿ ಸುಮಾರು 8 ಮಾತ್ರ. ಅಂದರೆ ಟ್ರೌಟಿನ ಹಳ್ಳಕ್ಕಿಂತ ನಮ್ಮ ಹಳ್ಳದ ಬಂಡವಾಳವೇ ಕಡಿಮೆ, ಅದು ಬೇಗ ದಿವಾಳಿಯಾಗುತ್ತದೆ. ಜೂನಿನಲ್ಲಿ ಉಳಿಸಿದ ಮೀನನ್ನು ಡಿಸೆಂಬರಿನಲ್ಲಿ ಪಲ್ಪರ್ ನೀರಿನಿಂದ ಕೊಂದರೆ ಮಾಡಿದ ವ್ರತವೆಲ್ಲ ವ್ಯರ್ಥ. ಪಲ್ಪರ್ ನೀರು ಹೊಂಡದಲ್ಲಿ ನಿಲ್ಲಲಿ, ಹಳ್ಳಕ್ಕೆ ಇಳಿಯದಿರಲಿ.

ತಪ್ಪನ್ನು ಲೈನಿನ ಆಳುಮಕ್ಕಳ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವುದು ಸುಲಭ. ಮಳೆಗಾಲದಲ್ಲಿ ಕೆಲಸವಿಲ್ಲದ ದಿನ ನಾಲ್ಕು ಮೀನು ಹಿಡಿದು ಮಕ್ಕಳಿಗೆ ಉಣಿಸುವವನಿಂದ ಹಳ್ಳ ಬರಿದಾಗಿಲ್ಲ. ಅಡ್ಡಬಲೆ, ವಿಷ, ಕರೆಂಟು, ಎತ್ತರದ ಮೋರಿ, ಪಲ್ಪರ್ ನೀರು ಇವುಗಳಲ್ಲಿ ಹೆಚ್ಚಿನವು ನಮ್ಮ ಗೇಟಿನ ಒಳಗಿನವು. ಕಾನೂನು ಬರಲಿ, ಇಲಾಖೆ ನೋಡಲಿ ಎಂದು ಕಾಯುವುದೂ ಸಲ್ಲದು. ಒಂದೊಂದು ಹಳ್ಳಕ್ಕೂ ಪೊಲೀಸರನ್ನು ಇಡಲಾಗುವುದಿಲ್ಲ. ಆದರೆ ಒಂದು ಹಳ್ಳದ ಇಕ್ಕೆಲದಲ್ಲಿ ಇರುವವರು ಹತ್ತೋ ಹದಿನೈದೋ ಮನೆಯವರು, ಬಹುತೇಕ ನಮ್ಮ ಸದಸ್ಯರೇ. ಒಬ್ಬ ಬಿಟ್ಟು ಇನ್ನೊಬ್ಬ ಹಿಡಿದರೆ ಬಿಟ್ಟವನಿಗೆ ಬೇಸರ. ಎಲ್ಲರೂ ಬಿಟ್ಟರೆ ಎಲ್ಲರಿಗೂ ಲಾಭ. ಸಹಕಾರವೆಂದರೆ ಇದೇ ತಾನೆ? ಶೃಂಗೇರಿಯ ತುಂಗೆಯ ಮೀನನ್ನು ಇಷ್ಟು ಕಾಲ ಕಾದದ್ದು ಕಾಯಿದೆಗಿಂತ ಹೆಚ್ಚಾಗಿ ಜನರ ಒಮ್ಮತ.

ಟ್ರೌಟನ್ನು ನಮ್ಮ ಹಳ್ಳಕ್ಕೆ ತರೋಣವೆಂದು ಯಾರೂ ಭಾವಿಸಬಾರದು. ನಮ್ಮ ನೀರು ಅದಕ್ಕೆ ಬಿಸಿಯಾಯಿತು; ಬದುಕಿದರೂ ಅದು ನಮ್ಮ ಸಣ್ಣ ಮೀನನ್ನು ತಿನ್ನುವ ಪರಕೀಯ ಮೀನು. ಅದರ ದೇಶದವರಿಂದ ತರಬೇಕಾದದ್ದು ಮೀನನ್ನಲ್ಲ, ಕಾಲವರಿತು ಕೈ ತಡೆಯುವ ಅಭ್ಯಾಸವನ್ನು.

ಆದುದರಿಂದ ಬರುವ ಸರ್ವಸದಸ್ಯರ ಸಭೆಯ ಮುಂದೆ ಈ ನಾಲ್ಕು ವಿಷಯಗಳನ್ನು ಇಡಬಯಸುತ್ತೇನೆ. ಒಂದು, ಜೂನ್ 1ರಿಂದ ಜುಲೈ 5ರವರೆಗೆ ಸದಸ್ಯರ ತೋಟದ ಹಳ್ಳಗಳಲ್ಲಿ ಬಲೆ, ಕೂಣಿ, ಕಡಿಯುವುದು ಯಾವುದೂ ಬೇಡ. ಎರಡು, ವಿಷ, ತೋಟೆ, ಕರೆಂಟು ವರ್ಷವಿಡೀ ಬೇಡ. ಕಂಡವರು ಹೇಳಲು ಹಿಂಜರಿಯಬಾರದು. ಮೂರು, ಸಿಂಪರಣೆಯ ಸಾಮಾನು ಹಳ್ಳದಲ್ಲಿ ತೊಳೆಯಕೂಡದು, ಪಲ್ಪರ್ ನೀರು ಹಳ್ಳಕ್ಕೆ ಬಿಡಕೂಡದು. ನಾಲ್ಕು, ಹೊಸ ಮೋರಿ ಹಾಕುವವರು ಪೈಪಿನ ತಳವನ್ನು ಹಳ್ಳದ ತಳಕ್ಕೆ ಸಮನಾಗಿ, ಸಾಧ್ಯವಾದರೆ ಸ್ವಲ್ಪ ಹೂತು ಇಡಬೇಕು. ಹಳೆಯ ಮೋರಿಯ ಬಾಯಿಗೆ ಕಲ್ಲು ಜೋಡಿಸಿ ಮೆಟ್ಟಿಲಿನಂತೆ ಮಾಡಿದರೂ ಆದೀತು.

ಇವುಗಳಲ್ಲಿ ಯಾವುದಕ್ಕೂ ಸಾಲ ಬೇಕಿಲ್ಲ, ಸಬ್ಸಿಡಿ ಬೇಕಿಲ್ಲ. ಸದಸ್ಯರು ತಮ್ಮ ಅಭಿಪ್ರಾಯವನ್ನು, ವಿರೋಧವಿದ್ದರೆ ಅದನ್ನೂ, ಸಭೆಗೆ ಮುಂಚೆ ಬರೆದು ತಿಳಿಸಬೇಕಾಗಿ ವಿನಂತಿ. ಅಲ್ಲಿಯವರೆಗೆ ಕೊಯ್ಲಿಗೆ ಇಳಿಯುವ ಮುನ್ನ ಒಂದು ಸಂಜೆ ನಿಮ್ಮ ಹಳ್ಳದ ಮಡುವಿನ ಬಳಿ ಹೋಗಿ ಸುಮ್ಮನೆ ಹತ್ತು ನಿಮಿಷ ನಿಂತು ನೋಡಿರಿ. ಸೊಸಲು ಮೀನಿನ ಮರಿ ಹಿಂಡಾಗಿ ಓಡಾಡುತ್ತಿದ್ದರೆ ನಿಮ್ಮ ಹಳ್ಳ ಬದುಕಿದೆ. ಇಲ್ಲವಾದರೆ ಈ ನಾಲ್ಕು ವಿಷಯಗಳು ನಿಮ್ಮ ತೋಟಕ್ಕೇ ಮೊದಲು ಬೇಕು.

— ಕಾರ್ಯದರ್ಶಿ